ಪ್ರಾಚೀನರಿಗೆ ಆಧುನಿಕ ಹಣೆಪಟ್ಟಿ: ಪ್ಲೇಟೊ ಮತ್ತು ಬಸವಣ್ಣ

ಪ್ರಾಚೀನ ಚಿಂತಕರನ್ನು ಆಧುನಿಕ ರಾಜಕೀಯ ಪರಿಭಾಷೆಯಲ್ಲಿ ಗುರುತಿಸುವ ಪ್ರವೃತ್ತಿ ಪಶ್ಚಿಮದಲ್ಲಿ ಪ್ಲೇಟೊವಿನ ಸುತ್ತ ಬೆಳೆದಂತೆ ಕನ್ನಡದಲ್ಲಿ ಬಸವಣ್ಣನವರ ಸುತ್ತ ಬೆಳೆದಿದೆ. ಪ್ಲೇಟೊ ಕೆಲವರಿಗೆ ಆದಿ ಸಮತಾವಾದಿ; 1945ರಲ್ಲಿ ಪ್ರಕಟವಾದ ಕಾರ್ಲ್ ಪಾಪರ್ ಅವರ ಗ್ರಂಥದಲ್ಲಿ ನಿರಂಕುಶ ಪ್ರಭುತ್ವದ ಪ್ರತಿಪಾದಕ. ನಮ್ಮಲ್ಲಿ ಬಸವಣ್ಣನವರು ಸಮಾಜವಾದಿ, ಅನುಭವಮಂಟಪ ಮೊದಲ ಸಂಸತ್ತು ಎಂಬ ಮಾತುಗಳು ವಾಡಿಕೆಯಾಗಿವೆ. ಇಂಥ ಹಣೆಪಟ್ಟಿಗಳು ಪಠ್ಯವನ್ನು ತೆರೆಯುತ್ತವೆಯೋ ಮುಚ್ಚುತ್ತವೆಯೋ ಎಂಬುದು ಪ್ರಸ್ತುತ ಟಿಪ್ಪಣಿಯ ವಿಷಯ.

ಈ ಪ್ರಶ್ನೆ ಮುಂಬಯಿಯಲ್ಲಿ 1949ರಷ್ಟು ಹಿಂದೆಯೇ ಖಚಿತವಾದ ರೂಪ ತಾಳಿತ್ತು. ಗಿರಣಿ ಕಾರ್ಮಿಕರ ನಾಯಕರಾದ ಎಸ್. ಎ. ಡಾಂಗೆ ಆ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ವೈದಿಕ ಯಜ್ಞವನ್ನು ಆದಿಮ ಕಮ್ಯೂನಿಸಂನ ಸಾಮೂಹಿಕ ಉತ್ಪಾದನ ಪದ್ಧತಿಯೆಂದು ವ್ಯಾಖ್ಯಾನಿಸಿದರು. ಅದೇ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆಗ ಗಣಿತಜ್ಞರಾಗಿದ್ದ ಡಿ. ಡಿ. ಕೋಸಾಂಬಿ ಅದನ್ನು ಕಟುವಾಗಿ ವಿಮರ್ಶಿಸಿದರು. ಕೋಸಾಂಬಿಯವರೂ ಮಾರ್ಕ್ಸ್‌ವಾದಿಗಳೇ. ಆದುದರಿಂದ ಅಲ್ಲಿ ಚರ್ಚೆಗೆ ಬಂದುದು ಆಧಾರಗಳನ್ನು ಪರೀಕ್ಷಿಸದೆ ಸಿದ್ಧಾಂತದ ಅಚ್ಚಿನಲ್ಲಿ ಇತಿಹಾಸವನ್ನು ಎರಕ ಹೊಯ್ಯುವ ವಿಧಾನ.

ಆ ವಿಧಾನದ ತೊಡಕು ಪ್ಲೇಟೊವಿನ ವಿಷಯದಲ್ಲಿಯೂ ಕಾಣುತ್ತದೆ. ‘ರಿಪಬ್ಲಿಕ್’ ಗ್ರಂಥ ಖಾಸಗಿ ಸ್ವತ್ತಿನ ನಿಷೇಧವನ್ನು ಸ್ಪಷ್ಟವಾಗಿ ವಿಧಿಸುವುದು ರಕ್ಷಕ ವರ್ಗಕ್ಕೆ; ಒಕ್ಕಲಿಗರ ಸ್ವತ್ತಿನ ಗತಿಯೇನೆಂಬುದು ತಿಳಿಯದೆಂದು ಅರಿಸ್ಟಾಟಲನೇ ಆಕ್ಷೇಪಿಸಿದ್ದಾನೆ. ಆಳುವವರನ್ನು ಲೋಭದಿಂದ ಬಿಡಿಸುವುದು ಅಲ್ಲಿನ ಉದ್ದೇಶ. ನಮ್ಮ ಅನುವಾದದ ಪದಗಳೂ ಒಂದು ಬಗೆಯ ಹಣೆಪಟ್ಟಿಗಳೇ. ಅಥೆನ್ಸಿನ ವ್ಯವಸ್ಥೆಯನ್ನು ‘ಪ್ರಜಾಪ್ರಭುತ್ವ’ ಎನ್ನುತ್ತೇವೆ. ‘ಪ್ರಜೆ’ ಎಂದರೆ ಮೂಲತಃ ಸಂತಾನ, ಮತ್ತೆ ಅರಸನ ಆಳ್ವಿಕೆಗೆ ಒಳಪಟ್ಟವನು. ಅಥೆನ್ಸಿನ ಪೌರನಿಗೆ ಅರಸನಿರಲಿಲ್ಲ. ಅವನ ಮನೆಯ ಹೆಂಗಸಿಗೂ ಗುಲಾಮನಿಗೂ ಸಭೆಯಲ್ಲಿ ಸ್ಥಾನವಿರಲಿಲ್ಲ.

ವಚನಗಳತ್ತ ತಿರುಗಿದರೆ ಇದೇ ಎಚ್ಚರ ಅಗತ್ಯ. ಅನುಭವಮಂಟಪದ ಸಂವಾದಗಳು ಇಂದಿನ ರೂಪದಲ್ಲಿ ನಮಗೆ ದೊರೆಯುವುದು 15ನೆಯ ಶತಮಾನದಿಂದೀಚೆಗೆ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ. ಅಲ್ಲಿ ಅಲ್ಲಮನ ಮುಂದೆ ಪರೀಕ್ಷೆಗೊಳಗಾಗುವುದು ಶರಣರ ಅನುಭಾವ. ಆ ಸಭೆ ಶಾಸನ ರಚಿಸುವುದಿಲ್ಲ, ಮತ ಎಣಿಸುವುದಿಲ್ಲ. ಆಯ್ದಕ್ಕಿ ಮಾರಯ್ಯನ ಪ್ರಸಂಗ ಇನ್ನೂ ಬೋಧಪ್ರದ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮ ಹಿಂದಿರುಗಿಸಿ ಕಳುಹುತ್ತಾಳೆ. ಇದನ್ನು ಸಂಪತ್ತಿನ ಸಮಾನ ಹಂಚಿಕೆಯೆಂದು ಓದುವುದು ಸುಲಭ. ಆದರೆ ಅವಳಿಗೆ ಆ ಹೆಚ್ಚುವರಿ ಅಕ್ಕಿ ಆಸೆಯ ಗುರುತು, ಕಾಯಕದ ಶುದ್ಧಿಗೆ ಬಂದ ಕುಂದು. ದಾಸೋಹದ ಮುಖ ಜಂಗಮದ ಕಡೆಗಿದೆ. ಪ್ರಭುತ್ವದ ಪ್ರಸ್ತಾಪವೇ ಅಲ್ಲಿಲ್ಲ.

ಹಾಗೆಂದು ಆಧುನಿಕ ಪರಿಕಲ್ಪನೆಗಳನ್ನು ತ್ಯಜಿಸಬೇಕೆಂದಲ್ಲ. ಕಾಯಕಜೀವಿ ವಚನಕಾರರತ್ತ ವಿದ್ವಾಂಸರ ಗಮನ ಸೆಳೆಯುವಲ್ಲಿ ಸಮಾಜವಾದಿ ದೃಷ್ಟಿ ನೆರವಾದುದು ನಿಜ. ‘ಇದು ಸಮಾಜವಾದವೆ?’ ಎಂದು ಕೇಳಿದಾಗ ಪಠ್ಯ ಉತ್ತರಿಸುತ್ತದೆ, ಕೆಲವೊಮ್ಮೆ ಪ್ರತಿಭಟಿಸುತ್ತದೆ. ‘ಇದು ಸಮಾಜವಾದ’ ಎಂದು ತೀರ್ಪಿತ್ತಾಗ ಅದು ಮೌನವಾಗುತ್ತದೆ. ತೀರ್ಪಿಗೆ ಹೊಂದದ ಶಿವ, ಜಂಗಮ, ಪ್ರಸಾದಗಳು ಕಾಲದ ಮಿತಿಯೆಂಬ ಹೆಸರಿನಲ್ಲಿ ಬದಿಗೆ ಸರಿಯುತ್ತವೆ. ಮೇಲಾಗಿ ಹಣೆಪಟ್ಟಿಗೆ ಅದರದೇ ಆಯುಷ್ಯವಿದೆ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಸಮಾಜವಾದವೆಂಬ ಪದದ ಬೆಲೆಯೂ ಇಳಿಯಿತು. ಆ ಪದದ ಬಲದಿಂದ ಮಾತ್ರ ಬಸವಣ್ಣನವರನ್ನು ಗೌರವಿಸಿದವರಿಗೆ ಅವರನ್ನು ಮತ್ತೆ ಓದಲು ಕಾರಣವೇನು ಉಳಿದೀತು? ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಅಕ್ಕಿಯ ಅರ್ಥವನ್ನು ಅವಳ ಮಾತಿನಲ್ಲಿಯೇ ಹುಡುಕುವುದು ವಿಮರ್ಶೆಯ ಮೊದಲ ಕರ್ತವ್ಯ.