ಒಂದು ಗುಟುಕಿನ ತೀರ್ಪು

ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ ಮೊಬೈಲು. ಅದರ ಮುಂದೆ ಒಂದು ತಟ್ಟೆ ಮೈಸೂರುಪಾಕು, ನಂದಿಬೆಟ್ಟದ ಕಡೆಯ ಕೆಂಪು ವೈನು, ‘ಆಲ್ಕೋಹಾಲ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಇನ್ನೊಂದು ಬಾಟಲಿ. ರುಚಿ ನೋಡುವವರು ಪಾಕಿನ ಮೂಲೆ ಕಚ್ಚುತ್ತಾರೆ, ಕಣ್ಣು ಮುಚ್ಚುತ್ತಾರೆ, ‘ಬಾಯಲ್ಲಿಟ್ರೆ ಕರಗ್ತಿದೆ’ ಎನ್ನುತ್ತಾರೆ. ವೈನು ‘ತುಂಬಾ ಸ್ಮೂತ್’. ಮೂರನೆಯದು ‘ಥೇಟ್ ವೈನ್ ತರಾನೇ’. ಐದಕ್ಕೆ ನಾಲ್ಕೂವರೆ, ನಾಲ್ಕು, ನಾಲ್ಕು. ಎಂಟು ನಿಮಿಷದಲ್ಲಿ ಮೂರು ತೀರ್ಪು ಮುಗಿದವು.

ಮನೆಯಲ್ಲೇ ಕೂತು ತಿಂಡಿ, ವೈನು, ಮದ್ಯವಿಲ್ಲದ ಪಾನೀಯಗಳ ರುಚಿ ನೋಡಿ ಹೇಳುವ ಈ ಹವ್ಯಾಸವನ್ನು ‘ಕಲಿಯದವರ ಆಟ’ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಕೈಯಿಂದ ಕಾಸು ಕೊಟ್ಟು ತಂದವರಿಗೆ ಅಂಗಡಿಯವನ ಮುಲಾಜಿರುವುದಿಲ್ಲ. ಕೊರತೆ ಇರುವುದು ನಾಲಗೆಯಲ್ಲಿ ಅಲ್ಲ, ವಿಧಾನದಲ್ಲಿ. ಸ್ಪರ್ಧೆಯ ಕೋಣೆಯಲ್ಲಿ ತೀರ್ಪುಗಾರರು ಮಾಡುವುದನ್ನು ಇವರು ಮನೆಯಲ್ಲಿ ಅನುಕರಿಸುತ್ತಾರೆ. ಅದರಲ್ಲೂ ಅಲ್ಲಿಯ ಶಿಸ್ತನ್ನು ಬಿಟ್ಟು ಅಂಕವನ್ನು ಮಾತ್ರ ಎತ್ತಿಕೊಂಡು ಬಂದಿದ್ದಾರೆ.

ಮೊದಲು ಆ ‘ಕರಗುವ’ ಮಾತನ್ನೇ ನೋಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆಂದು ಹೇಳುವ ಮೈಸೂರುಪಾಕು ಇವತ್ತು ಎರಡು ಬೇರೆ ಬೇರೆ ತಿಂಡಿ. ಒಂದು ತುಪ್ಪದಲ್ಲಿ ಮಿಂದ, ಬೆರಳಿಟ್ಟರೆ ಗುರುತು ಮೂಡುವ ಮೆತ್ತನೆಯದು. ಇನ್ನೊಂದು ಜೇನುಗೂಡಿನಂತೆ ತೂತು ತೂತಾದ, ಮುರಿದರೆ ಸದ್ದು ಮಾಡುವ ಗಟ್ಟಿಯದು. ಗಟ್ಟಿ ಪಾಕಿನಲ್ಲಿ ಕಡಲೆಹಿಟ್ಟು ಬೆರೆತ ಪಾಕಕ್ಕೆ ಕಾದ ತುಪ್ಪ ಸುರಿದಾಗ ಅದು ನೊರೆಯೆದ್ದು ಉಬ್ಬುತ್ತದೆ, ಆ ಉಬ್ಬೇ ಆಮೇಲೆ ತೂತಾಗಿ ಉಳಿಯುತ್ತದೆ. ತಟ್ಟೆಗೆ ಸುರಿದ ಮೇಲೆ ಅಂಚು ಬೇಗ ಆರುತ್ತದೆ, ನಡುವೆ ಬಿಸಿ ನಿಲ್ಲುತ್ತದೆ. ಹಾಗಾಗಿ ಒಳ್ಳೆಯ ತುಂಡಿನ ಮೇಲೂ ಕೆಳಗೂ ತಿಳಿಹಳದಿ, ನಡುವೆ ಕಂದು ಪಟ್ಟಿ. ಹುರಿದ ಕಡಲೆಯ ಘಮ ಇರುವುದು ಆ ಕಂದು ಪಟ್ಟಿಯಲ್ಲಿ. ಮೂಲೆ ಕಚ್ಚಿ ತೀರ್ಪು ಕೊಟ್ಟವರಿಗೆ ಅದು ಸಿಕ್ಕೇ ಇರುವುದಿಲ್ಲ. ಇನ್ನು ಕರಗುವ ಗುಣ ಬಹುಪಾಲು ತುಪ್ಪದ್ದು. ಬಾಯಿಯ ಬಿಸಿಗಿಂತ ಕೆಳಗೇ ತುಪ್ಪ ನೀರಾಗುತ್ತದೆ, ಆದ್ದರಿಂದ ಮೆತ್ತನೆಯ ಪಾಕು ಕರಗಲೇಬೇಕು. ಅದೇ ತುಂಡನ್ನು ಫ್ರಿಜ್ಜಿನಿಂದ ತೆಗೆದು ನೇರ ಬಾಯಿಗೆ ಹಾಕಿದರೆ ಅಂಗುಳಿಗೆ ಮೇಣ ಮೆತ್ತಿದಂತಾಗುತ್ತದೆ. ಪಾಕಿನ ಪರೀಕ್ಷೆ ಬೇರೆಡೆ ಇದೆ: ಹಿಟ್ಟಿನ ಹಸಿವಾಸನೆ ಹೋಗಿದೆಯೇ, ತುಪ್ಪ ಕಮಟಿಲ್ಲವೇ, ಎಳೆ ಪಾಕದಲ್ಲಿ ಇಳಿಸಿದ್ದೋ ಮೀರಿದ್ದೋ, ಎರಡನೆಯ ತುಂಡು ತಿನ್ನಬೇಕೆನಿಸುತ್ತದೋ ಗಂಟಲು ಕಟ್ಟುತ್ತದೋ. ಇವನ್ನೆಲ್ಲ ಬಿಟ್ಟು ಕರಗಿದ್ದಕ್ಕೆ ಅಂಕ ಕೊಡುವುದೆಂದರೆ ನೀರು ಒದ್ದೆಯಾಗಿದೆಯೆಂದು ಹೊಗಳಿದಂತೆ.

ವೈನಿನ ವಿಷಯದಲ್ಲಿ ಮೋಸ ಮಾಡುವುದು ನಾಲಗೆಗಿಂತ ಹೆಚ್ಚಾಗಿ ಕಣ್ಣು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಆ ಪ್ರಯೋಗ ಪ್ರಕಟವಾದದ್ದು 2001ರಲ್ಲಿ. ಬಣ್ಣಕ್ಕೇ ಅಷ್ಟು ಬಲವಿದ್ದರೆ ಬೆಲೆಪಟ್ಟಿಗೆ ಎಷ್ಟಿರಬೇಡ. 1976ರ ಮೇ ತಿಂಗಳಲ್ಲಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿ ರುಚಿ ನೋಡಿಸಿದಾಗ ಫ್ರೆಂಚ್ ತೀರ್ಪುಗಾರರೇ ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದ ವೈನುಗಳನ್ನು ಮೊದಲಿಗಿಟ್ಟರು. ಲೇಬಲ್ಲು ಕಾಣಿಸಿದ್ದರೆ ಹಾಗಾಗುತ್ತಿತ್ತೆಂದು ನಂಬುವುದು ಕಷ್ಟ.

ಈ ಶಿಸ್ತಿಗೆ ಮನೆಯಲ್ಲಿ ತಗಲುವ ಖರ್ಚು ಹಳೆಯ ದಿನಪತ್ರಿಕೆಯ ಎರಡು ಹಾಳೆ. ಬಾಟಲಿಗೆ ಸುತ್ತಿ, ಸುತ್ತಿದವರನ್ನು ಬಿಟ್ಟು ಬೇರೆಯವರು ಸುರಿದರೆ ಆಯಿತು. ಇನ್ನೂ ಚೆನ್ನಾದದ್ದು ಮೂರು ಲೋಟದ ಆಟ: ಎರಡರಲ್ಲಿ ಒಂದೇ ವೈನು, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಹೆಕ್ಕಿ ತೋರಿಸಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲ ಗೆದ್ದು ಬೀಗುವಂತಿಲ್ಲ. ಎರಡು ಅಂಗಡಿಯ ಧಾರವಾಡ ಪೇಡೆಗೂ ಇದೇ ಆಟ ನಡೆಯುತ್ತದೆ. ಪೇಡೆಯ ಮೈಗೆ ಹೊರಳಿಸಿದ ಸಕ್ಕರೆಪುಡಿಯನ್ನು ಮಾತ್ರ ಮೊದಲು ಕೊಡವಬೇಕು, ಇಲ್ಲದಿದ್ದರೆ ಮೊದಲ ಕ್ಷಣ ಎಲ್ಲ ಪೇಡೆಯೂ ಒಂದೇ. ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದ ಖೋವಾದ ರುಚಿ ಆಮೇಲೆ ಬರುವಂಥದ್ದು.

ಅಂಕದ ಕತೆಯೂ ಹೀಗೆಯೇ. ಅಮೆರಿಕದ ರಾಬರ್ಟ್ ಪಾರ್ಕರ್ ಜನಪ್ರಿಯಗೊಳಿಸಿದ ನೂರರ ಮಾಪನದಲ್ಲಿ ಲೆಕ್ಕ ಶುರುವಾಗುವುದೇ 50ರಿಂದ. ನಮ್ಮ ಮನೆ ವಿಮರ್ಶೆಗಳ ಐದಕ್ಕೆ ನಾಲ್ಕು ಅದಕ್ಕೆ ಸರಿಯಾದ ತಮ್ಮ. ಕ್ಯಾಲಿಫೋರ್ನಿಯಾ ರಾಜ್ಯಮೇಳದ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬವರು ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಯದಂತೆ ಮೂರು ಸಲ ಮುಂದಿಡಿಸಿ ನೋಡಿದರು. ತಮ್ಮದೇ ಅಂಕಕ್ಕೆ ಸ್ಥಿರವಾಗಿ ನಿಂತವರು ಹತ್ತರಲ್ಲೊಬ್ಬರಷ್ಟೇ. ದಿನವೂ ಅದೇ ಕೆಲಸ ಮಾಡುವವರ ಪಾಡು ಇದಾದರೆ, ಶನಿವಾರ ಸಂಜೆಯ ನಾಲ್ಕೂವರೆಗೆ ಏನು ಬೆಲೆ? ಅದೂ ಉಗುಳದೆ ಕುಡಿದವರದ್ದು. ಒಂದು ಲೋಟಕ್ಕೆ 50 ಮಿಲಿಲೀಟರಿನಂತೆ ಆರು ವೈನು ನೋಡಿದರೆ 300 ಮಿಲಿಲೀಟರು ಒಳಗೆ ಹೋಗಿರುತ್ತದೆ. ಆರನೆಯದಕ್ಕೆ ಬೀಳುವ ಅಂಕ ವೈನಿನದ್ದಲ್ಲ, ಅಮಲಿನದ್ದು.

ಬಿಸಿ-ತಂಪಿನ ಕಡೆಗೂ ಗಮನ ಕಡಿಮೆ. ಕೆಂಪು ವೈನನ್ನು ‘ಕೋಣೆಯ ಉಷ್ಣಾಂಶ’ದಲ್ಲಿ ಕೊಡಬೇಕೆಂಬ ಮಾತು ಯುರೋಪಿನ ತಂಪು ಕೋಣೆಗಳದ್ದು, 16ರಿಂದ 18 ಡಿಗ್ರಿಯದ್ದು. ಏಪ್ರಿಲಿನ ಬೆಂಗಳೂರಿನಲ್ಲಿ ಮೇಜಿನ ಮೇಲಿಟ್ಟ ಬಾಟಲಿ ತೆರೆದರೆ ಮೂಗಿಗೆ ಹೊಡೆಯುವುದು ಹಣ್ಣಲ್ಲ, ಘಾಟು. ಅದನ್ನೇ ‘ಸ್ಟ್ರಾಂಗ್ ಇದೆ’ ಎಂದು ಬರೆದವರಿದ್ದಾರೆ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಅದೇ ವೈನು ಬೇರೆ ಮನುಷ್ಯನಂತೆ ಮಾತಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಪಾಕನ್ನೂ ಕೆಂಪು ವೈನನ್ನೂ ಬೆನ್ನುಬೆನ್ನಿಗೆ ನೋಡುವುದು. ಜಿಲೇಬಿ ತಿಂದ ಬಾಯಿಗೆ ಕಾಫಿ ಚಪ್ಪೆ ಎನ್ನುವುದು ಕರ್ನಾಟಕದ ಯಾವ ಮನೆಗೂ ಹೊಸ ವಿಷಯವಲ್ಲ. ವೈನಿಗೆ ಅದಕ್ಕಿಂತ ಕಷ್ಟ. ಸಿಹಿಗೆ ಒಗ್ಗಿದ ನಾಲಗೆಗೆ ಅದರ ಹಣ್ಣಿನ ಗುಣ ಮರೆಯಾಗಿ ಹುಳಿ, ಒಗರು ಮಾತ್ರ ಎದ್ದು ಕಾಣುತ್ತವೆ. ಸಿಹಿಯ ಜೊತೆಗಿಡುವ ವೈನು ತಿಂಡಿಗಿಂತ ಸಿಹಿಯಾಗಿರಬೇಕೆಂದು ಯುರೋಪಿನವರು ಹೇಳುವುದು ಇದಕ್ಕೇ. ಆದರೆ ಮೈಸೂರುಪಾಕಿಗಿಂತ ಸಿಹಿಯಾದ ವೈನು ಎಲ್ಲಿಂದ ತರುವುದು? ತಡವಾಗಿ ಕೊಯ್ದ ದ್ರಾಕ್ಷಿಯ ಶೆನಾನ್ ಬ್ಲಾಂಕ್ ಕೂಡ ಅದರೆದುರು ಮಂಕು. ಗೋಕಾಕದ ಕರದಂಟು ಸ್ವಲ್ಪ ವಾಸಿ. ಅದರ ಬೆಲ್ಲ, ಒಣಕೊಬ್ಬರಿ, ತುಪ್ಪದಲ್ಲಿ ಕರಿದ ಅಂಟು ಅಗಿಯಲು ಹೊತ್ತು ಹಿಡಿಯುತ್ತವೆ, ಸಿಹಿ ಒಮ್ಮೆಲೇ ಮೇಲೆ ಬೀಳುವುದಿಲ್ಲ. ಪಾಕಿಗೆ ಮಾತ್ರ ಜೋಡಿ ಹುಡುಕುವ ಹಟ ಬಿಡುವುದು ಲೇಸು. ಸಿಹಿಯ ಮಗ್ಗುಲಲ್ಲಿ ಖಾರ ಇಡುವ ನಮ್ಮ ಪದ್ಧತಿಯಲ್ಲಿ ಆ ಲೆಕ್ಕ ಎಂದೋ ಮುಗಿದಿದೆ.

ಇನ್ನು ‘ಥೇಟ್ ವೈನ್ ತರಾನೇ’ ಇರುವ ಬಾಟಲಿ. ಆಲ್ಕೋಹಾಲ್ ತೆಗೆದ ವೈನು ದ್ರಾಕ್ಷಿ ರಸವಲ್ಲ. ಹುಳಿಯಿಸಿ ವೈನು ಮಾಡಿದ ಮೇಲೆ, ಕಡಿಮೆ ಒತ್ತಡದಲ್ಲಿ ತುಸುವೇ ಕಾಯಿಸಿಯೋ ಪೊರೆಗಳ ಮೂಲಕ ಸೋಸಿಯೋ ಆಲ್ಕೋಹಾಲನ್ನು ಹೊರಗೆ ಕಳಿಸಿರುತ್ತಾರೆ. ಹೋಗುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲ. ವೈನಿಗೆ ಮೈ ಕೊಡುತ್ತಿದ್ದದ್ದು, ಘಮವನ್ನು ಹೊತ್ತು ತರುತ್ತಿದ್ದದ್ದು, ಹುಳಿಯನ್ನು ಸಂಭಾಳಿಸುತ್ತಿದ್ದದ್ದು ಅದೇ. ಉಳಿದ ಬೋಳು ಹುಳಿಯನ್ನು ಮುಚ್ಚಲು ಅನೇಕರು ಸಿಹಿ ಸೇರಿಸುತ್ತಾರೆ. ಅದಕ್ಕೇ ಇಂಥ ಕೆಂಪು ವೈನುಗಳು ಸಾಮಾನ್ಯವಾಗಿ ಸೋಲುತ್ತವೆ. ನೊರೆಯೇಳುವ ಬಗೆಯವು ಕೊಂಚ ಗೆಲ್ಲುತ್ತವೆ, ಕಳೆದುಹೋದ ಚುರುಕನ್ನು ಗ್ಯಾಸು ತಕ್ಕಮಟ್ಟಿಗೆ ತುಂಬುತ್ತದೆ.

ಆದರೆ ಅದನ್ನು ವೈನಿನ ಪಕ್ಕದಲ್ಲೇ ನಿಲ್ಲಿಸಿ ಅಳೆಯಬೇಕೆಂದು ಯಾರು ಹೇಳಿದರು? ಮುರುಗಲ ಹಣ್ಣಿನ, ಅಂದರೆ ಪುನರ್ಪುಳಿಯ, ಪಾನಕದ ಪಕ್ಕದಲ್ಲಿಟ್ಟು ನೋಡಲಿ. ಒಣಸಿಪ್ಪೆ ನೆನೆಸಿದ ನೀರು, ಚೂರು ಬೆಲ್ಲ, ಉಪ್ಪು, ಹುರಿದು ಕುಟ್ಟಿದ ಜೀರಿಗೆ. ಬಣ್ಣ ಮಾಣಿಕ್ಯದ್ದು, ಹುಳಿ ನಾಲಗೆಯನ್ನು ತೊಳೆಯುವಂಥದ್ದು, ಹಿಂದಿನಿಂದ ಸಣ್ಣ ಒಗರು. ಊಟದ ಜೊತೆ ವೈನು ಮಾಡಬೇಕಾದ ಕೆಲಸವನ್ನೆಲ್ಲ ಅದು ಮಾಡುತ್ತದೆ, ಯಾರನ್ನೂ ಅನುಕರಿಸದೆ. ಸೊಗದೆ ಬೇರಿನ ಶರಬತ್ತಿಗೆ ತನ್ನದೇ ಮಣ್ಣು-ವೆನಿಲಾದ ಘಮವಿದೆ. ಉತ್ತರ ಕನ್ನಡದ ಅಪ್ಪೆಹುಳಿಗೆ ಮಾವಿನಮಿಡಿಯ ಸೊನೆಯ ಘಮ. ಹೊರದೇಶದ ದುಬಾರಿ ಬಾಟಲಿಗೆ ಎಂಟು ನಿಮಿಷ ಕೊಡುವವರು ಇವಕ್ಕೆ ಎರಡು ನಿಮಿಷವನ್ನೂ ಕೊಟ್ಟಿಲ್ಲವೆಂಬುದು ಈ ಹವ್ಯಾಸದ ಮೇಲಿನ ದೊಡ್ಡ ದೂರು.

ಮಾತಿನ ಬಡತನ ಬರುವುದೂ ಇಲ್ಲಿಂದಲೇ. ಬ್ಲ್ಯಾಕ್‌ಕರಂಟ್ ಹಣ್ಣನ್ನು ಕಣ್ಣಲ್ಲಿ ಕಾಣದವರು ವೈನಿನಲ್ಲಿ ಅದರ ವಾಸನೆ ಹಿಡಿಯುತ್ತಾರೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನನ್ನು ‘ಜ್ಯೂಸ್ ವಾಸನೆ’ ಎಂದು ಮನೆಯ ಅಜ್ಜಿ ಹೇಳಿದರೆ ನಗುತ್ತಾರೆ. ಅಜ್ಜಿಯ ಮೂಗು ಸರಿಯಾಗಿಯೇ ಇದೆ. ಆ ತಳಿಯ ಗುರುತೇ ಆದ ಮೀಥೈಲ್ ಆಂಥ್ರನಿಲೇಟ್ ಎಂಬ ಅಂಶವನ್ನೇ ದ್ರಾಕ್ಷಿ ಪಾನೀಯಗಳಿಗೂ ಘಮಕ್ಕೆಂದು ಹಾಕುತ್ತಾರೆ. ಮಲ್ಲಿಗೆಯಲ್ಲೂ ಅದು ಇದೆ. ಒಗರು, ಕಮಟು, ಘಾಟು, ಚಪ್ಪೆ, ಸೀದದ್ದು, ಜಿಡ್ಡು, ಹದ ಮೀರಿದ್ದು: ಅಡುಗೆಮನೆಯ ಈ ಒಂದೊಂದು ಮಾತೂ ಒಂದೊಂದು ದೋಷವನ್ನು ಬೆರಳಿಟ್ಟು ತೋರಿಸುತ್ತದೆ. ‘ಸ್ಮೂತ್’ ಏನನ್ನೂ ತೋರಿಸುವುದಿಲ್ಲ.

ಸ್ಪರ್ಧೆಯ ತೀರ್ಪುಗಾರರಿಗೆ ಇಲ್ಲದ ಒಂದು ಅನುಕೂಲ ಮನೆಯಲ್ಲಿದೆ: ನಾಳೆ. ಅವರು ಲೋಟ ಕೆಳಗಿಟ್ಟರೆ ಮುಗಿಯಿತು. ಮನೆಯಲ್ಲಿ ಅರ್ಧ ಬಾಟಲಿ ಬಿರಡೆ ಹಾಕಿಕೊಂಡು ಫ್ರಿಜ್ಜಿನಲ್ಲಿರುತ್ತದೆ, ಮಾರನೆಯ ಸಂಜೆ ಅದರ ಒಗರು ಮಣಿದಿರಬಹುದು, ಇಲ್ಲವೇ ಪೂರಾ ಚಪ್ಪೆಯಾಗಿರಬಹುದು. ಪೇಡೆಯ ಡಬ್ಬಿ ನಾಲ್ಕು ದಿನ ಅಲ್ಲೇ ಇರುತ್ತದೆ (ಮಕ್ಕಳಿಲ್ಲದ ಮನೆಯಾದರೆ). ಮೊದಲ ದಿನ ಮೆತ್ತಗೆ ಕುಸಿಯುತ್ತಿದ್ದದ್ದು ನಾಲ್ಕನೆಯ ದಿನ ಮರಳುಮರಳಾಗಿರುತ್ತದೆ, ಮೇಲಿನ ಸಕ್ಕರೆಪುಡಿ ಪಸೆ ಹೀರಿ ತೆಳ್ಳನೆಯ ಪೊರೆಯಾಗಿ ಅಂಟಿರುತ್ತದೆ, ಹುರಿದ ಹಾಲಿನ ಘಮ ಇನ್ನೂ ಇದೆಯೋ ಇಲ್ಲವೋ ಮುರಿದು ಮೂಸಿದರೆ ತಿಳಿಯುತ್ತದೆ. ಆ ಹೊತ್ತಿಗೆ ಮೊಬೈಲು ಉಪ್ಪಿನಕಾಯಿ ಜಾಡಿಯ ಮುಂದೆ ಇನ್ನಾವುದೋ ಹೊಸ ಡಬ್ಬಿಯನ್ನು ನೋಡುತ್ತಿರುತ್ತದೆ.