ಕಪ್ಪು ಬೆಲ್ಲಕ್ಕೊಂದು ಸಾರಿ

ಟಿಮ್ ಫೆರಿಸ್ ಬರೆದ ‘ದಿ ಫೋರ್ ಅವರ್ ವರ್ಕ್‌ವೀಕ್’ ಪುಸ್ತಕವನ್ನು ಸೋಮನಹಳ್ಳಿಗೆ ಒಯ್ದು ಚಿಕ್ಕಪ್ಪನ ಮಗನ ಕೈಗಿಟ್ಟವನು ನಾನೇ. ಹಾಗಾಗಿ ಆಮೇಲೆ ಆದದ್ದರಲ್ಲಿ ನನ್ನ ಪಾಲೂ ಇದೆ.

ಅವನದು ಆಲೆಮನೆ. ಹೈಡ್ರೋಸ್ ಹಾಕದೆ ಬೆಲ್ಲ ಮಾಡಿ, ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಕಳಿಸುತ್ತಾನೆ. ಹಗಲೆಲ್ಲ ಗಾಣ, ಕೊಪ್ಪರಿಗೆ, ಅಚ್ಚು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮೆಸೇಜುಗಳಿಗೆ ಉತ್ತರ. “ಬೆಲ್ಲ ಕಾಯ್ಸದು ಕಷ್ಟ ಅಲ್ಲ ಕಣಣ್ಣ, ಈ ಫೋನ್ ಕಾಯದೇ ಕಷ್ಟ” ಅಂದ. ನಾನು ದೊಡ್ಡ ತಿಳಿದವನ ಹಾಗೆ, ವರ್ಚುವಲ್ ಅಸಿಸ್ಟೆಂಟ್ ಇಟ್ಕೋ ಅಂದೆ. ಅಂದರೆ, ತಮ್ಮ ಮನೆಯಲ್ಲೇ ಕೂತು, ಗಂಟೆ ಲೆಕ್ಕದಲ್ಲಿ, ನಿನ್ನ ಪರವಾಗಿ ಮೆಸೇಜು, ಆರ್ಡರು, ಕೊರಿಯರ್ ನೋಡಿಕೊಳ್ಳುವವರು. ಜೊತೆಗೆ ಪುಸ್ತಕ ಕೊಟ್ಟು ಬಂದೆ.

2007ರಲ್ಲಿ ಬಂದ ಈ ಪುಸ್ತಕವನ್ನು ಸ್ಟಾರ್ಟಪ್ ಮಂದಿ ಇವತ್ತಿಗೂ ಓದುತ್ತಾರೆ. ‘ಹೊರಗುತ್ತಿಗೆಯ ಬದುಕು’ ಕುರಿತ ಅದರ ಅಧ್ಯಾಯದಲ್ಲಿ ಎ.ಜೆ. ಜೇಕಬ್ಸ್ ಎಂಬ ಅಮೆರಿಕನ್ ಪತ್ರಕರ್ತ ‘ಎಸ್ಕ್ವೈರ್’ ಪತ್ರಿಕೆಗೆ 2005ರಲ್ಲಿ ಬರೆದ ಲೇಖನವೂ ಸೇರಿದೆ. ಆತ ಭಾರತದಲ್ಲಿರುವ ಸಹಾಯಕರನ್ನು ಗೊತ್ತುಮಾಡಿಕೊಂಡು ಮೊದಲು ಮಾಹಿತಿ ಹುಡುಕಿಸುತ್ತಾನೆ. ಆಮೇಲೆ ಬಾಸ್‌ಗೆ ಮೇಲ್ ಬರೆಸುತ್ತಾನೆ, ಹೆಂಡತಿಯ ಜೊತೆಗಿನ ಜಗಳ ಬಗೆಹರಿಸೋಕೂ ಅವರಿಂದಲೇ ಬರೆಸುತ್ತಾನೆ. ಕೊನೆಗೆ, ನನ್ನ ಬದಲು ನೀವೇ ಚಿಂತೆ ಮಾಡಿ ಅಂತ ಚಿಂತೆಯನ್ನೂ ಒಪ್ಪಿಸುತ್ತಾನೆ. ಓದಿದರೆ ನಗು ಬರುತ್ತದೆ, ಸುಳ್ಳು ಹೇಳಲ್ಲ.

ಆದರೆ ಸ್ವಲ್ಪ ತಡೆದು ನೋಡಿ. ಆ ಸಹಾಯಕರಲ್ಲಿ ಒಬ್ಬರು ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನ ಬ್ರಿಕ್‌ವರ್ಕ್ ಕಂಪನಿಯಲ್ಲಿ. ಅದನ್ನು ಕಟ್ಟಿದವರು ವಿವೇಕ್ ಕುಲಕರ್ಣಿ, ಅದಕ್ಕೂ ಮುಂಚೆ ಕರ್ನಾಟಕ ಸರ್ಕಾರದ ಐಟಿ ಕಾರ್ಯದರ್ಶಿಯಾಗಿದ್ದವರು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್.ಎಂ. ಕೃಷ್ಣ. ಆ ‘ಎಸ್’ ಅಂದರೆ ಸೋಮನಹಳ್ಳಿ. 1932ರಲ್ಲಿ ಇದೇ ಊರಲ್ಲಿ ಹುಟ್ಟಿ, 1999ರಿಂದ 2004ರವರೆಗೆ ರಾಜ್ಯ ಆಳಿ, 2024ರ ಡಿಸೆಂಬರ್‌ನಲ್ಲಿ ಇದೇ ಮಣ್ಣಿಗೆ ಮರಳಿದವರು. ಬೆಂಗಳೂರನ್ನು ಜಗತ್ತಿನ ಬ್ಯಾಕ್ ಆಫೀಸ್ ಮಾಡಿದ ಆ ದಿನಗಳ ಒಂದು ಎಳೆ, ಇಪ್ಪತ್ತು ವರ್ಷ ಸುತ್ತಿ, ಅವರ ಊರಿನ ಆಲೆಮನೆಗೇ ವಾಪಸ್ ಬಂದಿದೆ. ಆಗ ನಾವು ಫೋನಿನ ಆ ಕಡೆ ಕೂತಿದ್ದ ಸಹಾಯಕರು. ಈಗ ನಮ್ಮವನೇ ಯಜಮಾನ.

ನಮ್ಮ ಹುಡುಗ ಪುಸ್ತಕ ಓದಿದ. ಶಿವಮೊಗ್ಗದಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಹೆಣ್ಣುಮಗಳನ್ನು ದಿನಕ್ಕೆ ಎರಡು ಗಂಟೆಗೆ ಗೊತ್ತುಮಾಡಿಕೊಂಡ. ರೇಟ್ ಪಟ್ಟಿ, ಕೊರಿಯರ್ ವಿವರ, ನಾಲ್ಕೈದು ಸಿದ್ಧ ಉತ್ತರ ಕೊಟ್ಟ. ಪುಸ್ತಕದಿಂದ ಒಂದು ಸೂತ್ರವನ್ನೂ ಎತ್ತಿಕೊಂಡ. ನೂರು ಡಾಲರ್‌ಗಿಂತ ಕಡಿಮೆಯಲ್ಲಿ ಬಗೆಹರಿಯುವ ಗ್ರಾಹಕರ ತಕರಾರನ್ನು ನನ್ನನ್ನು ಕೇಳದೇ ಮುಗಿಸಿಬಿಡಿ ಅಂತ ಫೆರಿಸ್ ತನ್ನವರಿಗೆ ಹೇಳಿದ್ದ. ಇವನು ಅದನ್ನು ಮುನ್ನೂರು ರೂಪಾಯಿಗೆ ಇಳಿಸಿದ. ಮೂರು ವಾರ ರಾತ್ರಿ ನೆಮ್ಮದಿಯಾಗಿ ಉಂಡು ಮಲಗಿದ.

ನಾಲ್ಕನೇ ವಾರ ಲೆಕ್ಕ ನೋಡಿದರೆ ಹದಿನಾಲ್ಕು ಮಂದಿಗೆ ದುಡ್ಡು ವಾಪಸ್ ಹೋಗಿತ್ತು. ದೂರು ಒಂದೇ: ಬೆಲ್ಲ ಯಾಕೆ ಇಷ್ಟು ಕಪ್ಪಗಿದೆ? ಹದಿನಾಲ್ಕು ಸಲವೂ ಆಕೆ ನಯವಾಗಿ ಕ್ಷಮೆ ಕೇಳಿದ್ದಳು.

ಮಂಡ್ಯದ ಕಡೆಯವರಿಗೆ ಇದರ ವ್ಯಂಗ್ಯ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅಂಗಡಿಯ ಹೊಂಬಣ್ಣದ ಬೆಲ್ಲಕ್ಕೆ ಎಷ್ಟೋ ಸಲ ಆ ಬಣ್ಣ ಬರುವುದು ಹೈಡ್ರೋಸ್ ಎಂಬ ರಾಸಾಯನಿಕದಿಂದ. ಅದನ್ನು ಹಾಕದೆ, ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು ಕಾಯಿಸಿದರೆ ಬೆಲ್ಲ ಕಂದು, ಕೆಲವೊಮ್ಮೆ ಕಪ್ಪು. ಇವನ ವ್ಯಾಪಾರ ನಿಂತಿರುವುದೇ ಆ ಕಪ್ಪಿನ ಮೇಲೆ. ಅದಕ್ಕೇ ಇವನ ಹೆಸರಲ್ಲಿ ಹದಿನಾಲ್ಕು ಸಾರಿಗಳು ಹೋಗಿದ್ದವು!

ಸಿಟ್ಟಲ್ಲಿ ಫೋನ್ ಮಾಡಿದ. ಆಕೆ ಹೇಳಿದ್ದು ಇಷ್ಟೇ: “ಸರ್, ಕಪ್ಪಗಿರೋದೇ ಸರಿ ಅಂತ ನೀವು ಹೇಳೇ ಇಲ್ಲವಲ್ಲ.”

ನನ್ನ ಮಟ್ಟಿಗೆ ಫೆರಿಸ್ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಿಲ್ಲ. ನನ್ನ ತಲೆಯಿಂದ ಯಾವ ಕೆಲಸ ಇಳಿಸಬಹುದು ಅಂತ ಪುಸ್ತಕ ಪದೇ ಪದೇ ಕೇಳುತ್ತದೆ. ಇಳಿಸುತ್ತಿರುವ ಕೆಲಸದಲ್ಲಿ ನನ್ನ ವ್ಯಾಪಾರದ ಜೀವ ಎಷ್ಟಿದೆ ಅಂತ ಸರಿಯಾಗಿ ಕೇಳುವುದಿಲ್ಲ. ಗ್ರಾಹಕರಿಗೆ ಉತ್ತರ ಕೊಡುವುದು ಅದರ ಪ್ರಕಾರ ಕಿರಿಕಿರಿ. ಬೆಲ್ಲ ಮಾರುವವನಿಗೆ ಅದು ಮಾರಾಟದ ಅರ್ಧ.

ಇನ್ನೊಂದು, ದುಡ್ಡಿನ ಲೆಕ್ಕ. ಡಾಲರ್‌ನಲ್ಲಿ ದುಡಿ, ರೂಪಾಯಿಯಲ್ಲಿ ಸಂಬಳ ಕೊಡು ಎಂಬುದು ಈ ಪುಸ್ತಕದ ಬೆನ್ನೆಲುಬು. ಆ ಅಂತರ ಇದ್ದರೆ ನೂರು ಡಾಲರ್ ತಪ್ಪು ನಷ್ಟವಲ್ಲ, ಉಳಿಸಿದ ಸಮಯದ ಬೆಲೆ. ನಮ್ಮವನು ದುಡಿಯುವುದೂ ರೂಪಾಯಿ, ಕೊಡುವುದೂ ರೂಪಾಯಿ. ಅವನಿಗೆ ಮುನ್ನೂರು ರೂಪಾಯಿ ಅಂದರೆ ಮುನ್ನೂರು ರೂಪಾಯಿಯೇ.

ಜೇಕಬ್ಸ್ ಲೇಖನದ ತೊಂದರೆ ಬೇರೆ. ಅದರಲ್ಲಿ ಸಹಾಯಕರು ಸದಾ ಚುರುಕು, ಸದಾ ಹಸನ್ಮುಖಿ. ಅವರ ಮರ್ಯಾದೆ, ದಕ್ಷತೆ ಕಂಡು ಆತನೇ ಬೆರಗಾಗುತ್ತಾನೆ, ಸ್ವಲ್ಪ ನಾಚಿಕೆಯನ್ನೂ ಪಡುತ್ತಾನೆ. ಆದರೆ ಅವರಿಗೆ ಏನು ಗೊತ್ತಿಲ್ಲ, ಗೊತ್ತಾಗಲು ಏನು ಬೇಕು ಅಂತ ಅವರನ್ನು ಕೇಳುವ ಜಾಗವೇ ಆ ನಗೆಬರಹದಲ್ಲಿಲ್ಲ. ನಮ್ಮ ಬೆಲ್ಲದ ಮಂಡಿಗಳಲ್ಲಿ ಹಿಂದೆ ಗುಮಾಸ್ತರು ಇರುತ್ತಿದ್ದರು. ಅವರೂ ಬೇರೆಯವರ ಲೆಕ್ಕವನ್ನೇ ಬರೆಯುತ್ತಿದ್ದರು. ಆದರೆ ಮೂಟೆ ಬಿಚ್ಚುವ ಜಾಗದಲ್ಲೇ ಕೂತು, ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು ಬರೆಯುತ್ತಿದ್ದರು. ಶಿವಮೊಗ್ಗದ ಹೆಣ್ಣುಮಗಳ ಕೈಗೆ ನಾವು ಕೊಟ್ಟದ್ದು ಪಟ್ಟಿ ಮಾತ್ರ. ಒಂದು ಅಚ್ಚು ಬೆಲ್ಲ ಕೊರಿಯರ್ ಮಾಡೋಣ ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಪುಸ್ತಕ ಪೂರ್ತಿ ದಂಡ ಅಂತಲ್ಲ. ಬೇಡದ ಕೆಲಸವನ್ನು ಮೊದಲು ಕಿತ್ತುಹಾಕು, ಉಳಿದದ್ದನ್ನು ಸರಳ ಮಾಡು, ಆಮೇಲೆ ಇನ್ನೊಬ್ಬರಿಗೆ ಕೊಡು ಅನ್ನುವ ಅದರ ಮಾತು ಖಂಡಿತ ಸರಿ. ನಾವು ಆ ಪುಟವನ್ನೇ ಹಾರಿಸಿದ್ದೆವು.

ಕೆಲಸ ಬಿಡಿಸಬೇಕು ಅಂತ ಹೊರಟಿದ್ದ ತಮ್ಮ, ಆಕೆಯ ಮಾತು ಕೇಳಿ ತೆಪ್ಪಗಾದ. ಮುಂದಿನ ಭಾನುವಾರ ವಿಡಿಯೋ ಕಾಲ್ ಮಾಡಿ, ಗಾಣದಿಂದ ಅಚ್ಚಿನವರೆಗೆ ಆಲೆಮನೆ ಪೂರ್ತಿ ತೋರಿಸಿದ. ಆಕೆ ಪ್ರಶ್ನೆ ಕೇಳುತ್ತಲೇ ಹೋದಳು. ಮಳೆಗಾಲದಲ್ಲಿ ಬೆಲ್ಲ ಯಾಕೆ ನೀರು ಬಿಡುತ್ತೆ? ಹಾಲಿಗೆ ಹಾಕಿದರೆ ಒಡೆಯುತ್ತಾ? ಆ ಪ್ರಶ್ನೆಗಳನ್ನೇ ಆಕೆ ಉತ್ತರದ ಪಟ್ಟಿ ಮಾಡಿಕೊಂಡಳು. ಹಳೇ ಸಿದ್ಧ ಉತ್ತರಗಳನ್ನು ಅಳಿಸಿದಳು. ಈಗ ಕಪ್ಪು ಯಾಕೆ ಅಂತ ಯಾರಾದರೂ ಕೇಳಿದರೆ, ಕೊಪ್ಪರಿಗೆಯ ಫೋಟೋ ಕಳಿಸಿ ಎರಡು ಸಾಲಲ್ಲಿ ಕಾರಣ ಹೇಳುತ್ತಾಳೆ.

ಕೆಲವನ್ನು ಅವನು ಕೊಟ್ಟಿಲ್ಲ, ಕೊಡಬಾರದು ಕೂಡ. ಯುಪಿಐ ಪಿನ್, ಓಟಿಪಿ ಅವನಲ್ಲೇ ಇವೆ. ಆಕೆಗಿರುವುದು ವಾಟ್ಸಾಪ್ ಬಿಸಿನೆಸ್‌ನ ಲಿಂಕ್ಡ್ ಡಿವೈಸ್ ಮಾತ್ರ, ಬೇಕೆಂದಾಗ ತೆಗೆಯಬಹುದಾದದ್ದು. ಅದರಲ್ಲೂ ಜನರ ಫೋನ್ ನಂಬರ್, ಮನೆ ನಂಬರ್ ಇರುತ್ತವೆ. ಕೆಲಸ ಯಾರ ಕೈಯಲ್ಲಿ ಮಾಡಿಸಿದರೂ ಆ ಮಾಹಿತಿಯ ಹೊಣೆ ವ್ಯಾಪಾರ ಮಾಡುವವನದೇ ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಹೇಳುತ್ತದೆ.

ಹೋದ ಸಲ ಊರಿಗೆ ಹೋದಾಗ ಕೇಳಿದೆ, ಈಗ ಫೋನ್ ಮುಂದೆ ಎಷ್ಟು ಹೊತ್ತು? “ಆಕೆ ಕೇಳೋದಕ್ಕೆ ಉತ್ತರ ಯೋಳದು, ಅಷ್ಟೇಯ. ದಿನಕ್ಕೊಂದು ನಲವತ್ತು ನಿಮಿಷ. ಭಾನುವಾರ ಇಬ್ಬರಿಗೂ ರಜೆ.” ಗುಣಿಸಿ ನೋಡಿದೆ, ಸರಿಯಾಗಿ ವಾರಕ್ಕೆ ನಾಲ್ಕು ಗಂಟೆ. ಫೆರಿಸ್ ಗೆದ್ದ ಅಂತ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಕೊಪ್ಪರಿಗೆ ಉಕ್ಕೋಕೆ ಬಂತು, ಅವನು ಓಡಿದ.