ಯಾರೂ ಶಿಳ್ಳೆ ಹೊಡೆಯದ ಲಾಂಛನ

ತೆರೆಯ ಮೇಲೆ ‘ವಜ್ರೇಶ್ವರಿ ಕಂಬೈನ್ಸ್’ ಎಂದು ಮೂಡಿದರೆ ಸಾಕು, ರಾಜ್‌ಕುಮಾರ್ ಇನ್ನೂ ಕಾಣಿಸಿರುವುದಿಲ್ಲ, ಅಷ್ಟರಲ್ಲೇ ಗಾಂಧಿ ಕ್ಲಾಸಿನಿಂದ ಶಿಳ್ಳೆ. ಅದೇ ತೆರೆಯ ಮೇಲೆ, ಅದಕ್ಕೂ ಮುಂಚೆ, ಆಟ ತಪ್ಪದೆ ಬರುತ್ತಿದ್ದ ಇನ್ನೊಂದು ಮುದ್ರೆಯಿತ್ತು: ಭಾರತ ಸರ್ಕಾರದ ಫಿಲಂಸ್ ಡಿವಿಜನ್. ಅದಕ್ಕೆ ಶಿಳ್ಳೆ ಬಿದ್ದದ್ದನ್ನು ಕೇಳಿದವರು ಯಾರಾದರೂ ಇದ್ದಾರೆಯೇ? ನನಗಂತೂ ಸಿಕ್ಕಿಲ್ಲ. ನಮ್ಮ ದೇಶದಲ್ಲಿ ಅಷ್ಟು ಜನ, ಅಷ್ಟು ಸಲ, ಅಷ್ಟು ಕಡಿಮೆ ಗಮನ ಕೊಟ್ಟು ನೋಡಿದ ಚಿತ್ರಿಕೆ ಇನ್ನೊಂದು ಇರಲಾರದು.

ಅಂಜನಾಪುರ, ಶಿರಾಳಕೊಪ್ಪ, ಆನವಟ್ಟಿಯಂಥ ಊರುಗಳ ಸೀಮೆಯಲ್ಲಿ ಸಿನಿಮಾ ಎಂದರೆ ಬಹುಕಾಲ ಟೂರಿಂಗ್ ಟಾಕೀಸು. ಮಳೆ ಹಿಡಿಯುವ ಮುಂಚೆ ಡೇರೆ ಕಿತ್ತುಕೊಂಡು ಹೋಗುವ ವ್ಯವಹಾರ ಅದು. ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಹೊರಟರೆ ಆಟ ಶುರುವಾಗುತ್ತದೆಂದು ಅರ್ಥ. ಉಣ್ಣುತ್ತಿದ್ದವರು ಕೈತೊಳೆದು ಹೆಜ್ಜೆ ಹಾಕುತ್ತಿದ್ದರು. ಟೆಂಟಿನ ನಿಜವಾದ ಲಾಂಛನ ಆ ಹಾಡೇ. ಸರ್ಕಾರದ ಹೆಸರು, ಮೇಲೊಂದಿಷ್ಟು ವಾದ್ಯಘೋಷ, ಮುಂಬೈಯಲ್ಲಿ ಧ್ವನಿಮುದ್ರಣಗೊಂಡ ಗಂಭೀರ ಕನ್ನಡ, ಅಣೆಕಟ್ಟು, ಮಂತ್ರಿ, ಹಾರ: ಇವು ಬಂದಾಗ ಹೊರಗಿದ್ದವರು ಬೀಡಿಯ ಉಳಿದರ್ಧ ನಿಶ್ಚಿಂತೆಯಿಂದ ಸೇದಿ ಮುಗಿಸುತ್ತಿದ್ದರು. ಕಡಲೆಕಾಯಿಯವನಿಗೆ ಅದು ಒಳ್ಳೆಯ ವ್ಯಾಪಾರದ ಹತ್ತು ನಿಮಿಷ. ‘ಇನ್ನೂ ನ್ಯೂಸ್ ರೀಲು ಓಡ್ತಾ ಇದೆ ಬಾರೋ’ ಎಂಬ ಮಾತಿಗೆ ‘ತಡವಾಗಿಲ್ಲ’ ಎಂದಷ್ಟೇ ಅರ್ಥ. ಸುದ್ದಿಯೂ ಬಿಸಿಯಾಗಿರುತ್ತಿರಲಿಲ್ಲ. ದೊಡ್ಡ ಊರುಗಳ ಥಿಯೇಟರುಗಳನ್ನು ಸುತ್ತಿ, ಗೀರು ಬಿದ್ದು, ಡೇರೆಗೆ ಬರುವಷ್ಟರಲ್ಲಿ ಅಡಿಗಲ್ಲು ಹಾಕಿದ ಮಂತ್ರಿಯ ಖಾತೆಯೇ ಬದಲಾಗಿರಬಹುದು.

ಪ್ರೇಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಬ್ರಿಟನ್ನಿನ ಪಾಥೆ ವಾರ್ತಾಚಿತ್ರದ ಹುಂಜ ಕತ್ತೆತ್ತಿ ಕೂಗುತ್ತಿದ್ದುದು ಪಕ್ಕದ ಕಂಪನಿಯ ಗಿರಾಕಿ ತನ್ನ ಕಡೆ ತಿರುಗಲಿ ಎಂದು. ನಮ್ಮ ಮುದ್ರೆಗೆ ಆ ದರ್ದು ಇರಲಿಲ್ಲ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರಮಂದಿರದ ಪರವಾನಗಿಯಲ್ಲೇ ವಾರ್ತಾಚಿತ್ರ, ಸಾಕ್ಷ್ಯಚಿತ್ರ ತೋರಿಸುವ ಷರತ್ತು ಇತ್ತು. ತೋರಿಸಿದ್ದಕ್ಕೆ ಬಾಡಿಗೆಯನ್ನೂ ಥಿಯೇಟರಿನವರೇ ಕೊಡಬೇಕು. ನಿವ್ವಳ ಗಳಿಕೆಯ ಶೇ. 1ರಷ್ಟು. ಪ್ರದರ್ಶಕರು ಕೋರ್ಟು ಹತ್ತಿದರು, 1999ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮಾತನ್ನೇ ಎತ್ತಿಹಿಡಿಯಿತು. ನೋಡಲೇಬೇಕು ಎಂದಾದ ಮೇಲೆ ನೋಡುವ ಹಾಗೆ ಮಾಡುವ ಶ್ರಮ ಯಾರಿಗೆ ಬೇಕು?

ಈ ಕಡ್ಡಾಯದ ಬೇರು ಯುದ್ಧದಲ್ಲಿದೆ, ಅದೂ ಎರಡೂ ಪಾಳಯಗಳಲ್ಲಿ. ಜಪಾನು 1939ರ ಚಲನಚಿತ್ರ ಕಾನೂನಿನಿಂದ ಇಂಥ ಚಿತ್ರಗಳ ಪ್ರದರ್ಶನವನ್ನು ಕಡ್ಡಾಯದ ದಾರಿಗೆ ತಂದಿತು. 1940ರಲ್ಲಿ ಪತ್ರಿಕೆಗಳ ಮತ್ತು ಸುದ್ದಿಸಂಸ್ಥೆಯ ವಾರ್ತಾಚಿತ್ರ ವಿಭಾಗಗಳನ್ನೆಲ್ಲ ಒಂದೇ ಕಂಪನಿಗೆ ಸೇರಿಸಿತು. ಅದೇ ಮುಂದೆ ನಿಪ್ಪಾನ್ ಎಯಿಗಾಶಾ ಆಯಿತು. ಅಸಾಹಿಯದೊಂದು ಗುರುತು, ಮೈನಿಚಿಯದೊಂದು, ಯೊಮಿಯುರಿಯದೊಂದು ಎಂದಿದ್ದದ್ದು ಹೋಗಿ, ಇಡೀ ದೇಶದ ತೆರೆಗೆ ‘ನಿಪ್ಪಾನ್ ನ್ಯೂಸ್’ ಎಂಬ ಒಂದೇ ಶೀರ್ಷಿಕೆ ಉಳಿಯಿತು. ಜಪಾನಿನ ವಿರುದ್ಧ ಕಾದಾಡುತ್ತಿದ್ದ ಬ್ರಿಟಿಷರು 1943ರಲ್ಲಿ ಇಲ್ಲಿ ‘ಇಂಡಿಯನ್ ನ್ಯೂಸ್ ಪರೇಡ್’ ಶುರುಮಾಡಿ, ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳಿಗೆ 44ಎ ಸೇರಿಸಿ, ಪ್ರತಿ ಆಟದಲ್ಲೂ 2000 ಅಡಿಯವರೆಗಿನ ಸರ್ಕಾರಿ ಒಪ್ಪಿಗೆಯ ಚಿತ್ರ ಓಡಿಸಬೇಕೆಂದರು. ಹಗೆಗಳಿಬ್ಬರ ಪಾಠ ಒಂದೇ. ಪರೇಡ್ 1946ರಲ್ಲಿ ನಿಂತಿತು. 1948ರಲ್ಲಿ ಸ್ವತಂತ್ರ ಭಾರತ ಅದನ್ನೇ ಫಿಲಂಸ್ ಡಿವಿಜನ್ ಆಗಿ ಕಟ್ಟಿಕೊಂಡಿತು. ವಾರ್ತಾಚಿತ್ರದ ಹೆಸರಿನಲ್ಲಿ ‘ಪರೇಡ್’ ಹೋಗಿ ‘ರಿವ್ಯೂ’ ಬಂತು. ಮೊದಲಿಗೆ ಬಂದದ್ದು ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗಿನಲ್ಲಿ. ಕನ್ನಡದ ಸರದಿ ಆಮೇಲೆ.

ಜಪಾನಿನ ಕಂಪನಿಯ ಉತ್ತರಾರ್ಧ ನಮ್ಮದಕ್ಕಿಂತ ಸ್ವಾರಸ್ಯದ್ದು. ಸೋತ ಮೇಲೆ ಅದೇ ಸಂಸ್ಥೆ ಹಿರೋಶಿಮಾ, ನಾಗಸಾಕಿಯಲ್ಲಿ ಬಾಂಬಿನ ಪರಿಣಾಮವನ್ನು ಚಿತ್ರೀಕರಿಸಿತು, ಅಮೆರಿಕನ್ನರು ಆ ರೀಲುಗಳನ್ನು ವಶಪಡಿಸಿಕೊಂಡರು. ಅದೇ ಸಂಸ್ಥೆಗಾಗಿ ನಿರ್ದೇಶಕ ಕಮೇಯಿ ಫುಮಿಯೊ 1946ರಲ್ಲಿ ಯುದ್ಧಕಾಲದ ವಾರ್ತಾಚಿತ್ರಗಳನ್ನೇ ಕತ್ತರಿಸಿ ಜೋಡಿಸಿ, ಅವುಗಳ ಸುಳ್ಳನ್ನು ಅವುಗಳ ಬಾಯಿಂದಲೇ ಹೊರಡಿಸಿದ. ಆ ಚಿತ್ರವೂ ನಿಷೇಧಕ್ಕೆ ಸಿಕ್ಕಿತು. ತನ್ನ ಮುದ್ರೆಯ ಕೆಳಗೆ ತಾನು ಆಡಿದ ಸುಳ್ಳನ್ನು ತಾನೇ ಬಿಚ್ಚಿಟ್ಟ ಉದಾಹರಣೆ ನಮ್ಮ ಇಲಾಖೆಯ ಕಡತದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಸರ್ಕಾರದ ಗುರುತು ಎಂದ ಮಾತ್ರಕ್ಕೆ ಸಪ್ಪೆಯಾಗಿರಬೇಕೆಂದೇನೂ ಇಲ್ಲ. ಅಂಜನಾಪುರ ಇರುವ ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ ನೋಡಿ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಕಂಬದ ತುದಿಯಲ್ಲಿ ಗಂಡಭೇರುಂಡ. ಮೈ ಮನುಷ್ಯನದು, ತಲೆ ಎರಡು, ಎರಡೂ ಹಕ್ಕಿಯವು. ಇಂದು ರಾಜ್ಯ ಸರ್ಕಾರದ ಲೆಟರ್‌ಹೆಡ್ಡಿನಲ್ಲಿ ಕೂತಿರುವ ಪಕ್ಷಿಯ ಪೂರ್ವಿಕ. ಅದೂ ಅಧಿಕಾರದ ಘೋಷಣೆಯೇ, ಸಂಶಯ ಬೇಡ. ಆದರೆ ಮುಖವೆತ್ತಿ ನೋಡಬೇಕೆಂದು ಯಾವ ನಿಯಮವೂ ಹೇಳದಿದ್ದರೂ ದಾರಿಹೋಕ ಮುಖ ಎತ್ತುತ್ತಾನೆ. ಎತ್ತಿಸುವುದು ಶಿಲ್ಪಿಯ ಕೈ. ಫಿಲಂಸ್ ಡಿವಿಜನ್ನಿನ ಶೀರ್ಷಿಕೆಯಲ್ಲಿ ಆ ಕೈ ಕಾಣುವುದಿಲ್ಲ, ಕಾಣುವುದು ಸುತ್ತೋಲೆ.

ನನ್ನ ನಿಜವಾದ ತಕರಾರು ಬೇರೆ. ಈ ಮುದ್ರೆ ಕೆಟ್ಟ ಚಿತ್ರಗಳಿಗಿಂತ ಹೆಚ್ಚಾಗಿ ಒಳ್ಳೆಯ ಚಿತ್ರಗಳಿಗೆ ಅನ್ಯಾಯ ಮಾಡಿತು. ಪ್ರಮೋದ್ ಪತಿಯ ‘ಎಕ್ಸ್‌ಪ್ಲೋರರ್’ (1968), ಸ್ವಾತಂತ್ರ್ಯ ಬಂದ ವರ್ಷವೇ ಹುಟ್ಟಿದ ಹುಡುಗ ಹುಡುಗಿಯರನ್ನು ಮಾತಾಡಿಸಿದ ಎಸ್.ಎನ್.ಎಸ್. ಶಾಸ್ತ್ರಿಯ ‘ಐ ಆಮ್ 20’ (1967) ಇದೇ ಇಲಾಖೆಯವು. ಶಾಸ್ತ್ರಿಯ ಚಿತ್ರದಲ್ಲಿ ದೇಶದ ಬಗ್ಗೆ ಪ್ರೀತಿಯೂ ಬೇಸರವೂ ಒಂದೇ ಉಸಿರಿನಲ್ಲಿ ಬರುತ್ತವೆ, ಕೆಲವರಂತೂ ಮುಲಾಜಿಲ್ಲದೆ ಮಾತಾಡುತ್ತಾರೆ. ರಿಬ್ಬನ್ ಕತ್ತರಿಸುವ ಸುದ್ದಿಗೂ ಈ ಚಿತ್ರಕ್ಕೂ ಒಂದೇ ಮೊಹರು ಹಾಕಿದರೆ, ಬೀಡಿ ಸೇದುತ್ತ ಹೊರಗೆ ನಿಂತವನಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ಮುದ್ರೆ ಕಂಡೊಡನೆ ಹೊರಗುಳಿಯುವ ಅಭ್ಯಾಸ ಮಾಡಿಸಿದ್ದು ಇಲಾಖೆಯೇ.

ಫಿಲಂಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. ಅದರ ಚಿತ್ರಗಳನ್ನು ಈಗ ಮೊಬೈಲಿನಲ್ಲೇ ನೋಡಬಹುದು, ಷರತ್ತಿಲ್ಲ, ಬಾಡಿಗೆಯಿಲ್ಲ. ‘ಐ ಆಮ್ 20’ ನೋಡಬೇಕೆಂದು ಬರುವವರು ಶಾಸ್ತ್ರಿಯ ಹೆಸರು ಹುಡುಕಿಕೊಂಡು ಬರುತ್ತಾರೆಯೇ ಹೊರತು ಇಲಾಖೆಯದನ್ನಲ್ಲ.